ಎಫ್‌ಎಂಜಿಇ ಓದಿಗೆ ಎಲ್ಲಿ ಬೀಡುಬಿಡುವುದು: ಗೌತಮ ನಗರವೋ, ಹೈದರಾಬಾದೋ, ಬೆಂಗಳೂರೋ, ಊರಿನ ಮನೆಯೋ?

ಹೊರದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದವರ ಮನೆಯಲ್ಲಿ ಸೂಟ್‌ಕೇಸ್ ಬಿಚ್ಚುವ ಮೊದಲೇ ಏಳುವ ಪ್ರಶ್ನೆ ಒಂದೇ: ‘ದೆಹಲಿಗೆ ಹೋಗಬೇಕಾ?’ ಓದಿದ್ದು ಕಿರ್ಗಿಸ್ತಾನದಲ್ಲಾಗಲಿ, ಜಾರ್ಜಿಯಾ, ಫಿಲಿಪ್ಪೀನ್ಸ್, ರಷ್ಯಾದಲ್ಲಾಗಲಿ, ಇಲ್ಲಿ ವೈದ್ಯರಾಗಿ ನೋಂದಣಿಯಾಗಲು ಎಫ್‌ಎಂಜಿಇ, ಅಂದರೆ ಹೊರದೇಶದಲ್ಲಿ ಓದಿದವರಿಗಿರುವ ಅರ್ಹತಾ ಪರೀಕ್ಷೆ, ದಾಟಲೇಬೇಕು. ಸೀನಿಯರ್ ಹುಡುಗನೊಬ್ಬ ದೆಹಲಿಯ ಗೌತಮ ನಗರದಲ್ಲಿದ್ದು ಪಾಸಾದ ಅನ್ನುವ ಸುದ್ದಿ ಕಿವಿಗೆ ಬಿದ್ದ ಅಪ್ಪ ಮರುದಿನವೇ ರೈಲು ಟಿಕೆಟ್ ನೋಡತೊಡಗುತ್ತಾರೆ. ಅದೇ ಗೌತಮ ನಗರದಲ್ಲಿದ್ದು ಪಾಸಾಗದೆ ವಾಪಸು ಬಂದವರ ಸುದ್ದಿ ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ಈಗ ಪಾಠ ಹೇಳುವವರು ಫೋನಿನಲ್ಲೇ ಸಿಗುತ್ತಾರೆ. ಮ್ಯಾರೋ, ಪ್ರೆಪ್‌ಲ್ಯಾಡರ್‌ನಂಥ ಆ್ಯಪ್‌ಗಳಲ್ಲಿ ವಿಡಿಯೊ, ಕ್ಯೂ ಬ್ಯಾಂಕ್ (ಪ್ರಶ್ನೆಗಳ ಭಂಡಾರ), ಗ್ರ್ಯಾಂಡ್ ಟೆಸ್ಟ್ (ಜಿ.ಟಿ., ಅಂದರೆ ಪೂರ್ತಿ ಅಣಕು ಪರೀಕ್ಷೆ) ಎಲ್ಲ ಇವೆ. ದೆಹಲಿಯ ರೂಮಿನಲ್ಲಿ ಕೂತವರೂ ದಿನದ ಹೆಚ್ಚು ಹೊತ್ತು ನೋಡುವುದು ಅದನ್ನೇ. ಹಾಗಿದ್ದ ಮೇಲೆ ಮಹಾನಗರಕ್ಕೆ ಹೋಗಿ ಬಾಡಿಗೆ ತೆರುವುದು ಯಾತಕ್ಕೆ? ನನ್ನ ಲೆಕ್ಕದಲ್ಲಿ ಮೂರು ಕಾರಣಕ್ಕೆ. ಎದುರಿಗೆ ನಿಂತು ಪಾಠ ಮಾಡುವ ಕ್ಲಾಸು ಒಂದು, ಇದೇ ಪರೀಕ್ಷೆ ಬರೆಯುವವರ ಸಹವಾಸ ಒಂದು, ಯಾರೂ ಎಬ್ಬಿಸದ ಒಂದು ಕುರ್ಚಿ ಇನ್ನೊಂದು. ಈ ಮೂರರಲ್ಲಿ ನಿಮಗೆ ಯಾವುದರ ಕೊರತೆ ಇದೆಯೋ ಅದನ್ನು ನೋಡಿ ಊರು ಆರಿಸಬೇಕು. ಮೂರೂ ಇಲ್ಲದವರು ಕಡಿಮೆ, ಮೂರಕ್ಕೂ ದುಡ್ಡು ಸುರಿಯುವವರು ಮಾತ್ರ ಬಹಳ.

ಪರೀಕ್ಷೆ ಏನು ಬೇಡುತ್ತದೆ

ಎಫ್‌ಎಂಜಿಇಯಲ್ಲಿ 300 ಪ್ರಶ್ನೆ. ತಲಾ 150ರ ಎರಡು ಭಾಗ, ಒಂದೊಂದಕ್ಕೆ ಎರಡೂವರೆ ಗಂಟೆ, ಎಲ್ಲ ಒಂದೇ ದಿನ. 150 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸೀಟಿಗಾಗಿ ರ‍್ಯಾಂಕಿನ ಪೈಪೋಟಿಯೂ ಇಲ್ಲ. ಹೀಗೆ ಹೇಳಿದರೆ ಸಲೀಸು ಅನ್ನಿಸುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಬರೆದವರಲ್ಲಿ ಹತ್ತಕ್ಕೆ ಒಬ್ಬರಷ್ಟೇ ಪಾಸಾದ ಸಲವೂ ಇದೆ, ಮೂವರಿಗೆ ಒಬ್ಬರು ಪಾಸಾದ ಸಲವೂ ಇದೆ. ಅದಕ್ಕಿಂತ ಮೇಲೆ ಹೋದದ್ದು ಅಪರೂಪ.

ಅಂಕಗಳ ಹಂಚಿಕೆ ನೋಡಿದರೆ ಮನೆಯಲ್ಲಿ ಓದಿದರೆ ಸಾಕೋ, ಕ್ಲಾಸಿಗೆ ಹೋಗಬೇಕೋ ಎಂಬುದರ ಸುಳಿವು ಸಿಗುತ್ತದೆ. ಪ್ರೀ-ಕ್ಲಿನಿಕಲ್, ಪ್ಯಾರಾ-ಕ್ಲಿನಿಕಲ್ (ಅನಾಟಮಿ, ಪೆಥಾಲಜಿಯಂಥ ತಳಪಾಯದ ವಿಷಯಗಳು) ಸೇರಿ 100 ಅಂಕ, ರೋಗಿಯ ಚಿಕಿತ್ಸೆಗೆ ಸೇರಿದ ಕ್ಲಿನಿಕಲ್‌ಗೆ 200. ಮೆಡಿಸಿನ್ ತನ್ನ ಉಪವಿಷಯಗಳ ಜೊತೆ 48, ಸರ್ಜರಿ ಹಾಗೆಯೇ 47, ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) 30, ಕಮ್ಯುನಿಟಿ ಮೆಡಿಸಿನ್ 30. ಹೊರದೇಶದಲ್ಲಿ ಓದಿದವರು ಮುಗ್ಗರಿಸುವುದು ಈ ಕೊನೆಯದರಲ್ಲಿ. ನಮ್ಮ ಲಸಿಕೆ ವೇಳಾಪಟ್ಟಿ, ಕ್ಷಯ ಮತ್ತು ಮಲೇರಿಯಾ ಕಾರ್ಯಕ್ರಮಗಳು, ಒಂದು ಉಪಕೇಂದ್ರಕ್ಕೆ ಎಷ್ಟು ಜನಸಂಖ್ಯೆ, ಆಶಾ ಕಾರ್ಯಕರ್ತೆಯ ಕೆಲಸವೇನು, ಇದನ್ನೆಲ್ಲ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಯಾರು ಕಲಿಸುತ್ತಾರೆ? ಫೊರೆನ್ಸಿಕ್‌ನದ್ದು (ನ್ಯಾಯವೈದ್ಯಶಾಸ್ತ್ರ) ಹತ್ತೇ ಅಂಕ, ಆದರೆ ಅಲ್ಲೂ ನಮ್ಮ ಕಾನೂನೇ ಬೇಕು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಮುಗಳ ಸಂಖ್ಯೆಗಳೆಲ್ಲ ಬದಲಾಗಿವೆ. ಸೀನಿಯರ್ ಕೊಟ್ಟ ಹಳೆಯ ಜೆರಾಕ್ಸ್ ನೋಟ್ಸ್ ನೆಚ್ಚಿಕೊಂಡವರು ಇದನ್ನು ನೆನಪಿಡಬೇಕು.

ಇನ್ನು ತಾರೀಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಹೆಸರಿಗೆ ಜೂನ್ ಮತ್ತು ಡಿಸೆಂಬರ್, ನಡೆಯುವುದು ಮಾತ್ರ ಆಮೇಲೆ. 2023ರ ಡಿಸೆಂಬರ್ ಸುತ್ತು ನಡೆದದ್ದು 2024ರ ಜನವರಿ 20ಕ್ಕೆ. 2024ರ ಜೂನ್ ಸುತ್ತು ಜುಲೈ 6ಕ್ಕೆ, ಅದೇ ವರ್ಷದ ಡಿಸೆಂಬರಿನದ್ದು 2025ರ ಜನವರಿ 12ಕ್ಕೆ, 2025ರ ಜೂನ್‌ನದ್ದು ಜುಲೈ 26ಕ್ಕೆ. ಆದ್ದರಿಂದ ‘ಜೂನ್ ಕೊನೆಗೆ ಖಾಲಿ ಮಾಡ್ತೀನಿ’ ಅಂತ ಓನರ್‌ಗೆ ಮಾತು ಕೊಡಬೇಡಿ. ಓದು ಕಾವೇರಿದ ಹೊತ್ತಿನಲ್ಲಿ ಮಂಚ ಬೇರೆಯವರಿಗೆ ಹೋಗಿ, ಗಂಟುಮೂಟೆ ಹೊತ್ತು ರೂಮು ಹುಡುಕುವ ಪಾಡು ಬೇಡ. ಜುಲೈ ಅಂತ್ಯ, ಜನವರಿ ಅಂತ್ಯ ಅಂತಲೇ ಹೇಳಿ.

ಗೌತಮ ನಗರ

ದೆಹಲಿಯ ಏಮ್ಸ್‌ನ ಬೆನ್ನಿಗೆ, ಯೂಸುಫ್ ಸರಾಯ್ ಮಾರುಕಟ್ಟೆಗೆ ಅಂಟಿಕೊಂಡಿರುವ ಬಡಾವಣೆ ಇದು. ಏಮ್ಸ್, ಗ್ರೀನ್ ಪಾರ್ಕ್ ಎರಡೂ ಮೆಟ್ರೊ ನಿಲ್ದಾಣಗಳು ಹತ್ತಿರ, ಎರಡೂ ಹಳದಿ ಮಾರ್ಗದವು. ಗಲ್ಲಿಗಳು ಇಕ್ಕಟ್ಟು, ಎರಡೂ ಬದಿಗೆ ಒತ್ತಿ ಕಟ್ಟಿದ ನಾಲ್ಕೈದು ಅಂತಸ್ತಿನ ಮನೆಗಳು, ತಲೆಯ ಮೇಲೆ ತಂತಿಗಳ ಜಾಲ. ಪುಸ್ತಕದಂಗಡಿ, ಜೆರಾಕ್ಸ್ ಅಂಗಡಿ, ಟಿಫಿನ್ ಡಬ್ಬದವರು, ‘ಲೈಬ್ರರಿ’ ಎಂಬ ಬೋರ್ಡು ಹೊತ್ತ ಓದುಕೋಣೆಗಳು ಹೆಜ್ಜೆಗೊಂದು. ಇಲ್ಲಿ ಲೈಬ್ರರಿ ಅಂದರೆ ಪುಸ್ತಕವಲ್ಲ. ತಿಂಗಳಿಗಿಷ್ಟು ಅಂತ ಕೊಟ್ಟರೆ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ವೈಫೈ, ಒಂದು ಲಾಕರ್. ಮಧ್ಯರಾತ್ರಿಗೆ ಹೊರಗೆ ಬಂದರೂ ಚಹಾ ಸಿಗುತ್ತದೆ, ಜೊತೆಗೆ ಯಾರೋ ಒಬ್ಬರು ‘ನಿನ್ನೆಯ ಜಿ.ಟಿ.ಯಲ್ಲಿ ಎಷ್ಟು ಬಂತು’ ಅಂತ ಕೇಳುತ್ತಾರೆ.

ಗೌತಮ ನಗರದ ನಿಜವಾದ ಬೆಲೆ ಇರುವುದು ಆ ಪ್ರಶ್ನೆಯಲ್ಲಿ. ಊರಲ್ಲಿ ಕೂತು ಓದುವವರಿಗೆ ತಾನು ಎಲ್ಲಿದ್ದೇನೆ ಎಂಬ ಅಂದಾಜೇ ಇರುವುದಿಲ್ಲ. ಇಲ್ಲಿ ಪಕ್ಕದ ಮೇಜಿನವರು ಕಮ್ಯುನಿಟಿ ಮೆಡಿಸಿನ್‌ನ ಎರಡನೇ ರಿವಿಷನ್ ಮುಗಿಸುತ್ತಿರುವುದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಬರೆಯುವವರಿಗೆ, ಅದರಲ್ಲೂ ಕೋವಿಡ್ ಕಾಲದಲ್ಲಿ ಆನ್‌ಲೈನ್‌ನಲ್ಲೇ ವರ್ಷಗಟ್ಟಲೆ ಓದಿ ರೋಗಿಯ ಹಾಸಿಗೆಯ ಬಳಿ ಸರಿಯಾಗಿ ನಿಲ್ಲದವರಿಗೆ, ಎದುರಿಗಿನ ಕ್ಲಾಸಿನ ಉಪಯೋಗವೂ ಇದೆ. ಅಲ್ಲಿ ಕೇಳಲು ನಾಚಿಕೆಯಾಗುವ ಸಣ್ಣ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿಬಿಡುತ್ತಾರೆ.

ಆದರೆ ಈ ಸಹವಾಸಕ್ಕೆ ಇನ್ನೊಂದು ಮುಖ ಇದೆ. ಅದೇ ಗಲ್ಲಿಯಲ್ಲಿ ನಾಲ್ಕನೇ, ಐದನೇ ಸಲ ಬರೆಯುತ್ತಿರುವವರೂ ಇರುತ್ತಾರೆ. ಅವರಲ್ಲಿ ಕೆಲವರಿಗೆ ಪರೀಕ್ಷೆಗಿಂತ ಪರೀಕ್ಷೆಯ ಸುದ್ದಿಯೇ ಬದುಕಾಗಿದೆ. ನೆಕ್ಸ್ಟ್ ಬರುತ್ತಂತೆ, ಪೇಪರ್ ಕಷ್ಟ ಮಾಡ್ತಾರಂತೆ, ಕೋರ್ಟಿನಲ್ಲಿ ಕೇಸಿದೆಯಂತೆ, ಹೀಗೆ ಚಹಾದಂಗಡಿಯಲ್ಲಿ ಸಂಜೆಗಳು ಕಳೆದುಹೋಗುತ್ತವೆ. ಎಫ್‌ಎಂಜಿಇ ಬದಲಿಗೆ ಬರಬೇಕಾದ ಪರೀಕ್ಷೆಯಾದ ಈ ನೆಕ್ಸ್ಟ್‌ನ ಮಾತು 2019ರಲ್ಲಿ ವೈದ್ಯಕೀಯ ಆಯೋಗದ ಕಾಯ್ದೆ ಬಂದಾಗಿನಿಂದ ಇದೆ. ಆ ಮಾತಾಡುತ್ತಲೇ ಎಷ್ಟೋ ಎಫ್‌ಎಂಜಿಇಗಳು ನಡೆದುಹೋಗಿವೆ.

ಭಾಷೆಯ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ದೆಹಲಿಯ ಕ್ಲಾಸುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ಶುರುವಾದರೂ ಸೂತ್ರ, ತಮಾಷೆ, ನೆನಪಿಡುವ ಉಪಾಯ ಎಲ್ಲ ಹಿಂದಿಗೆ ಜಾರುತ್ತವೆ. ಹೊರದೇಶದ ಹಾಸ್ಟೆಲ್‌ನಲ್ಲಿ ಬಿಹಾರ, ರಾಜಸ್ಥಾನದ ಹುಡುಗರ ಜೊತೆ ಐದಾರು ವರ್ಷ ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಬರೇ ಕನ್ನಡದವರು, ತಮಿಳರು, ಮಲಯಾಳಿಗಳ ಗುಂಪಿನಲ್ಲೇ ಇದ್ದು ಬಂದವರಿಗೆ ಮೊದಲ ತಿಂಗಳು ತಲೆಗೆ ಹತ್ತುವುದಿಲ್ಲ.

ಹವೆ ಇನ್ನೊಂದು. ಡಿಸೆಂಬರ್ ಸುತ್ತಿಗೆ ಓದುವವರು ದೆಹಲಿಯಲ್ಲಿರುವುದು ಅಕ್ಟೋಬರ್‌ನಿಂದ ಜನವರಿವರೆಗೆ, ಅಂದರೆ ಸರಿಯಾಗಿ ಹೊಗೆಮಂಜಿನ ಕಾಲಕ್ಕೆ. ನವೆಂಬರಿನಲ್ಲಿ ವಾಯು ಗುಣಮಟ್ಟ ಸೂಚ್ಯಂಕ 400 ದಾಟುವ ದಿನಗಳಿರುತ್ತವೆ. ಅಸ್ತಮಾ ಇರುವವರು, ಧೂಳಿಗೆ ಸೀನು ಹಿಡಿದರೆ ವಾರಗಟ್ಟಲೆ ಬಿಡದವರು ಈ ಸುತ್ತಿಗೆ ದೆಹಲಿಯನ್ನು ಪಟ್ಟಿಯಿಂದಲೇ ತೆಗೆಯುವುದು ಒಳ್ಳೆಯದು. ಚಳಿಯ ಬಗ್ಗೆ ‘ನಾವು ರಷ್ಯಾದಲ್ಲೇ ಇದ್ದು ಬಂದವರು’ ಅಂತ ನಗುವವರನ್ನು ಕಂಡಿದ್ದೇನೆ. ರಷ್ಯಾದ ಹಾಸ್ಟೆಲ್‌ನಲ್ಲಿ ಗೋಡೆಯೊಳಗಿನಿಂದ ಬಿಸಿ ಬರುತ್ತಿತ್ತು, ಗೌತಮ ನಗರದ ರೂಮಿನಲ್ಲಿ ಗೋಡೆಯೇ ತಣ್ಣಗಿರುತ್ತದೆ. ರಜಾಯಿ ಹೊದ್ದು ಓದಲು ಕೂತರೆ ಓದು ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೂನ್ ಸುತ್ತಿನವರ ಕಷ್ಟ ಬೇರೆ: ಮೇ, ಜೂನ್‌ನಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಮೇಲಿನ ಅಂತಸ್ತಿನ ರೂಮಾದರೆ ಎಸಿ ಇಲ್ಲದೆ ಆಗದು, ಕರೆಂಟಿಗೆ ಓನರ್ ಹಾಕುವ ದರ ಅವರದ್ದೇ.

ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರಿನಿಂದ ರಾಜಧಾನಿ ಎಕ್ಸ್‌ಪ್ರೆಸ್‌ಗೇ ಒಂದೂವರೆ ದಿನದ ಹತ್ತಿರ ಹಿಡಿಯುತ್ತದೆ. ಡೆಂಗಿ ಬಂದು ಮಲಗಿದರೆ ಅಮ್ಮ ಅವತ್ತೇ ಬಂದು ಗಂಜಿ ಕಾಯಿಸಿ ಕೊಡುವ ಊರಲ್ಲ ಅದು.

ಹೈದರಾಬಾದ್

ದಕ್ಷಿಣ ಕರ್ನಾಟಕದವರು ಇದನ್ನು ಯೋಚಿಸುವುದೇ ಇಲ್ಲ. ಬೀದರ, ಕಲಬುರಗಿ, ರಾಯಚೂರು, ಯಾದಗಿರಿಯವರು ಮಾತ್ರ ಇದನ್ನು ಮೊದಲ ಸಾಲಿನಲ್ಲೇ ಇಡಬೇಕು. ಬೀದರಿನಿಂದ ಹೈದರಾಬಾದ್ 150 ಕಿ.ಮೀ. ಒಳಗೆ, ಬೆಂಗಳೂರು ಅದರ ನಾಲ್ಕೈದು ಪಟ್ಟು ದೂರ. 1956ರವರೆಗೆ ಈ ಜಿಲ್ಲೆಗಳಿಗೆ ರಾಜಧಾನಿಯೇ ಅದಾಗಿತ್ತು. ಆಸ್ಪತ್ರೆಗೆ, ಮದುವೆ ಜವಳಿಗೆ ಇವತ್ತಿಗೂ ಅಲ್ಲಿಗೇ ಹೋಗುವ ಮನೆಗಳಿವೆ. ದಖನಿ ಹಿಂದಿ ಬಾಯಿಗೆ ಬರುತ್ತದೆ, ತೆಲುಗು ಕಿವಿಗೆ ಹತ್ತುತ್ತದೆ, ಕ್ಲಾಸಿನಲ್ಲಿ ಇಂಗ್ಲಿಷಿನ ಪಾಲು ದೆಹಲಿಗಿಂತ ಹೆಚ್ಚು.

ಅಲ್ಲಿ ಪಿಜಿ (ಪೇಯಿಂಗ್ ಗೆಸ್ಟ್) ಅನ್ನುವುದಕ್ಕಿಂತ ಹಾಸ್ಟೆಲ್ ಅನ್ನುವುದೇ ರೂಢಿ. ಅಮೀರ್‌ಪೇಟ್, ಎಸ್.ಆರ್. ನಗರ, ದಿಲ್‌ಸುಖ್‌ನಗರ, ಅಶೋಕ್ ನಗರದ ಕಡೆ ಬೀದಿಯುದ್ದಕ್ಕೂ ಇವೆ. ಇವು ಸಾಫ್ಟ್‌ವೇರ್ ಕೋರ್ಸಿನವರು, ಸರ್ಕಾರಿ ನೌಕರಿಗೆ ಓದುವವರನ್ನು ನಂಬಿ ಬೆಳೆದವು, ಆದ್ದರಿಂದ ತಿಂಗಳ ಲೆಕ್ಕದಲ್ಲಿ ಬಂದು ಹೋಗುವವರನ್ನು ತಕರಾರಿಲ್ಲದೆ ಸೇರಿಸಿಕೊಳ್ಳುತ್ತವೆ. ಮೂರು ಹೊತ್ತು ಊಟ ಸೇರಿಯೇ ದರ. ಅನ್ನ, ಪಪ್ಪು, ಸಾಂಬಾರು, ಮೊಸರು ಇರುವುದರಿಂದ ಹೊಟ್ಟೆಯ ಗೋಳು ಕಡಿಮೆ. ಸಂಜೆ ಬೀದಿಬದಿಯಲ್ಲಿ ಬಿಸಿ ಜೋಳದ ರೊಟ್ಟಿ ತಟ್ಟಿ ಕೊಡುವವರೂ ಸಿಗುತ್ತಾರೆ. ದೆಹಲಿಯಲ್ಲಿ ಹಗಲಿಡೀ ರಾಜ್ಮಾ ತಿಂದ ಕಲಬುರಗಿಯವರನ್ನು ಕೇಳಿದರೆ ಇದರ ಬೆಲೆ ಹೇಳುತ್ತಾರೆ. ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುವವರು ದಿನವಿಡೀ ಕೂರುತ್ತಾರೆ. ಹೆಚ್ಚಿನವರು ಸರ್ಕಾರಿ ನೌಕರಿಯ ಓದಿನವರು, ಹಾಗಾಗಿ ಕುರ್ಚಿ ಸಿಗುತ್ತದೆ, ವೈದ್ಯಕೀಯ ಚರ್ಚೆ ಸಿಗುವುದಿಲ್ಲ.

ನನ್ನ ತೂಕದಲ್ಲಿ ಹೈದರಾಬಾದ್ ನಡುವಿನ ದಾರಿ: ಸಹವಾಸ ಗೌತಮ ನಗರದಷ್ಟು ದಟ್ಟವಾಗಿಲ್ಲ, ಉಳಿದಿದ್ದೆಲ್ಲ ಹಗುರ.

ಬೆಂಗಳೂರು

ಬೆಂಗಳೂರಿನಲ್ಲಿ ಓದುವವರ ಗುಂಪು ಅಂದರೆ ಮೊದಲು ಕಾಣುವುದು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್. ಕೆಎಎಸ್, ಯುಪಿಎಸ್‌ಸಿಯವರ ಊರದು. ನೇರಳೆ ಮಾರ್ಗದ ಮೆಟ್ರೊ ಪಕ್ಕದಲ್ಲೇ ಇದೆ, ದರ್ಶಿನಿ, ಮೆಸ್, ತಿಂಗಳ ಲೆಕ್ಕದ ರೀಡಿಂಗ್ ರೂಮ್ ಎಲ್ಲ ಇವೆ. ಎಫ್‌ಎಂಜಿಇಗೆ ಓದುವವರೂ ಅಲ್ಲಿ ರೂಮು ಹಿಡಿಯಬಹುದು, ಕುರ್ಚಿ ಮತ್ತು ಶಿಸ್ತು ಎರಡೂ ಸಿಗುತ್ತವೆ. ಇನ್ನೊಂದು ಬಗೆಯವರು ಕೋಚಿಂಗ್ ಎಲ್ಲಿದೆಯೋ ಅಲ್ಲಿಗೇ ನಡೆದು ಹೋಗುವಷ್ಟು ಹತ್ತಿರ ಪಿಜಿ ನೋಡುತ್ತಾರೆ. ಈ ಊರಿನಲ್ಲಿ ಎರಡನೆಯದೇ ಜಾಣತನ. ಬಾಡಿಗೆ ಕಡಿಮೆ ಅಂತ ಹೆಬ್ಬಾಳದಾಚೆ ಪಿಜಿ ಹಿಡಿದು ಕ್ಲಾಸಿಗೆ ಜಯನಗರಕ್ಕೆ ಬರುವವರು ದಿನಕ್ಕೆ ಎರಡು ಮೂರು ಗಂಟೆಯನ್ನು ಬಸ್ಸಿನಲ್ಲಿ ಸುರಿಯುತ್ತಾರೆ, ಅಷ್ಟು ಹೊತ್ತಿನಲ್ಲಿ ಐವತ್ತು ಪ್ರಶ್ನೆ ಬಿಡಿಸಿ ವಿವರಣೆಯನ್ನೂ ಓದಿ ಮುಗಿಸಬಹುದು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ ನಿಜ, ಆದರೆ ಸಮಯದ ಖರ್ಚು ಅಷ್ಟೇ ಇರುತ್ತದೆ. (ಹೈದರಾಬಾದಿನಲ್ಲೂ ಇಂಥದೇ ಯೋಜನೆ ಇದೆ, ಆದರೆ ಅದು ತೆಲಂಗಾಣದವರಿಗೆ. ನಿಮ್ಮ ಕರ್ನಾಟಕದ ಆಧಾರ್ ಅಲ್ಲಿ ನಡೆಯುವುದಿಲ್ಲ.)

ಜೂನ್ ಸುತ್ತಿಗೆ ಓದುವವರು ಫೆಬ್ರವರಿಯಿಂದ ಮೇವರೆಗೆ ಇಲ್ಲಿರುತ್ತಾರೆ. ಬೆಂಗಳೂರಿಗೆ ನೀರಿನ ಕಷ್ಟ ಬರುವುದೂ ಆಗಲೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ ಕಟ್ಟಡಗಳು ಟ್ಯಾಂಕರಿಗೆ ಕಾಯುತ್ತ ಕೂತಿದ್ದವು. ಪಿಜಿ ನೋಡಲು ಹೋದಾಗ ಕಾವೇರಿ ಸಂಪರ್ಕ ಇದೆಯಾ ಅಂತ ಓನರ್‌ನಲ್ಲ, ಅಲ್ಲಿ ಈಗ ಇರುವವರನ್ನು ಕೇಳಿ.

ಬೆಂಗಳೂರಿನ ದೊಡ್ಡ ತೊಡಕು ನೀರೂ ಅಲ್ಲ, ಟ್ರಾಫಿಕ್ಕೂ ಅಲ್ಲ. ನೆಂಟರು. ‘ಬೆಂಗಳೂರಲ್ಲೇ ಇದ್ದೀಯಲ್ಲ, ಭಾನುವಾರ ಬಂದು ಊಟ ಮಾಡಿ ಹೋಗು’ ಎಂಬ ಫೋನಿಗೆ ಇಲ್ಲ ಅನ್ನುವುದು ಕಷ್ಟ. ಗೃಹಪ್ರವೇಶ, ನಾಮಕರಣ, ಆರತಕ್ಷತೆ ಎಲ್ಲಕ್ಕೂ ಊರಲ್ಲಿರುವ ಅಪ್ಪ ಅಮ್ಮ ‘ನಮ್ಮ ಪರವಾಗಿ ನೀನೇ ಹೋಗಿ ಬಾ’ ಅನ್ನುತ್ತಾರೆ. ದೆಹಲಿಗೆ ಹೋದವರಿಗೆ ಈ ಕಾಟ ಇಲ್ಲ, ಅದೂ ಒಂದು ಲಾಭವೇ.

ಇದಕ್ಕಿಂತ ಸೂಕ್ಷ್ಮವಾದದ್ದು ಚಿಕ್ಕಪ್ಪನ ಮನೆಯಲ್ಲೋ ಅತ್ತೆಯ ಮನೆಯಲ್ಲೋ ಉಳಿಯುವ ಪ್ರಶ್ನೆ. ‘ಮನೆಯಿರುವಾಗ ಪಿಜಿ ಯಾಕೆ’ ಅಂತ ಅವರು ಮನಸಾರೆ ಕೇಳುತ್ತಾರೆ. ಬಾಡಿಗೆ ಉಳಿಯುತ್ತದೆ, ಬಿಸಿ ಊಟ, ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಎಲ್ಲ ಉಂಟು. ಆದರೆ ಹಾಲ್‌ನಲ್ಲಿ ಟಿವಿ ನಡೆಯುತ್ತಿರುತ್ತದೆ, ಅದನ್ನು ನಿಲ್ಲಿಸಿ ಅನ್ನಲು ನಿಮಗೆ ಬಾಯಿ ಬರುವುದಿಲ್ಲ. ಬಂದವರೆಲ್ಲ ‘ನಮ್ಮ ಡಾಕ್ಟರ್’ ಅಂತ ಕರೆದು ಶುಗರ್ ರಿಪೋರ್ಟ್ ಕೈಗಿಡುತ್ತಾರೆ. ಫಲಿತಾಂಶ ಬಂದ ದಿನ ಆ ಮನೆಯಲ್ಲೇ ಇರಬೇಕು ಎಂಬುದನ್ನೂ ಯೋಚಿಸಿ. ನಾನು ಹೇಳುವುದು ಇಷ್ಟು: ಅವರ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಬೇರೆ ಕೋಣೆ ಇದ್ದು, ಹತ್ತಿರದಲ್ಲೇ ಒಂದು ರೀಡಿಂಗ್ ರೂಮ್ ಇದ್ದರೆ ಉಳಿಯಿರಿ. ಬೆಳಿಗ್ಗೆ ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ಬನ್ನಿ. ಅದಿಲ್ಲದಿದ್ದರೆ ಹಬ್ಬಕ್ಕೆ ಬರ್ತೀನಿ ಅಂತ ಹೇಳಿ ಪಿಜಿಗೇ ಹೋಗಿ, ಸಂಬಂಧವೂ ಉಳಿಯುತ್ತದೆ.

ಊರಲ್ಲೇ ಇದ್ದರೆ?

ಎರಡನೇ ಸಲ ಬರೆಯುತ್ತಿದ್ದು ಹಿಂದಿನ ಸಲ 130, 140ರ ಹತ್ತಿರ ಬಂದು ನಿಂತವರಿಗೆ ಹೊಸ ಪಾಠ ಬೇಕಾಗಿಲ್ಲ, ಮರುಓದು ಬೇಕು. ಅವರು ಮಹಾನಗರಕ್ಕೆ ಹೋಗಿ ಮತ್ತೆ ಮೊದಲಿನಿಂದ ಕ್ಲಾಸಿಗೆ ಸೇರುವುದು ದುಡ್ಡಿಗೂ ದಂಡ, ದಿನಗಳಿಗೂ ದಂಡ. ಮನೆ, ಇಲ್ಲವೇ ಹತ್ತಿರದ ಜಿಲ್ಲಾ ಕೇಂದ್ರ ಸಾಕು. ಉತ್ತರ ಕರ್ನಾಟಕದವರಿಗೆ ಧಾರವಾಡದ ಸಪ್ತಾಪುರ ಇದ್ದೇ ಇದೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವವರೇ ತುಂಬಿದ ಬಡಾವಣೆ, ರೂಮು, ಮೆಸ್, ಓದುಕೋಣೆ ಮೂರೂ ಬೆಂಗಳೂರಿಗಿಂತ ಅಗ್ಗ. ಸಣ್ಣ ಊರಿನವರು ಜಿಲ್ಲಾ ಕೇಂದ್ರ ಗ್ರಂಥಾಲಯ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಎಲ್ಲಿವೆ ನೋಡಿ, ಹಗಲಿನ ಹೊತ್ತಿಗೆ ಅಲ್ಲಿ ಕೂರಬಹುದು.

ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ. ಜೂನ್ ಸುತ್ತಿನ ಕೊನೆಯ ವಾರಗಳು ಬರುವುದು ಜೋರು ಮಳೆಗೆ. ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬಾರದ ಊರುಗಳಿವೆ, ಕರೆಂಟಿನ ಹಿಂದೆಯೇ ನೆಟ್‌ವರ್ಕ್ ಕೂಡ. ವಿಡಿಯೊಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಇಲ್ಲ ಆ ತಿಂಗಳ ಮಟ್ಟಿಗೆ ಶಿವಮೊಗ್ಗಕ್ಕೋ ಮಂಗಳೂರಿಗೋ ಇಳಿಯಿರಿ.

ರೂಮು ಹಿಡಿಯುವಾಗ

ಊರು ಯಾವುದೇ ಇರಲಿ, ಒಂಟಿ ರೂಮೋ ಹಂಚಿಕೆಯ ರೂಮೋ ಎಂಬಲ್ಲಿ ಬಂದು ಎಲ್ಲರೂ ನಿಲ್ಲುತ್ತಾರೆ. ಒಂಟಿ ರೂಮಿನ ಬಾಡಿಗೆ ಇಬ್ಬರ ಹಂಚಿಕೆಗಿಂತ ಒಂದೂವರೆಯಿಂದ ಎರಡು ಪಟ್ಟು ಇರುವುದು ಸಾಮಾನ್ಯ. ಓದುಕೋಣೆಯಲ್ಲಿ ದಿನಕ್ಕೆ ಹತ್ತು ಗಂಟೆ ಕೂರುವವರಿಗೆ ರೂಮು ಮಲಗಲಿಕ್ಕೆ ಮಾತ್ರ. ಅವರು ಹಂಚಿಕೊಂಡು ಉಳಿದ ದುಡ್ಡನ್ನು ಒಳ್ಳೆಯ ಕುರ್ಚಿಗೆ ಹಾಕಲಿ. ಜೋರಾಗಿ ಓದಿ ಹೇಳಿಕೊಂಡು ನೆನಪಿಡುವವರಿಗೆ, ರಾತ್ರಿಯ ಓದಿನವರಿಗೆ ಒಂಟಿ ರೂಮೇ ಆಗಬೇಕು. ಹಂಚುವುದಾದರೆ ಇದೇ ಪರೀಕ್ಷೆಯವರ ಜೊತೆ ಹಂಚಿಕೊಳ್ಳಿ. ರಾತ್ರಿ ಪಾಳಿಯ ಐಟಿ ನೌಕರರ ಜೊತೆ ಸೇರಿದರೆ ಅವರಿಗೂ ನಿದ್ದೆಯಿಲ್ಲ, ನಿಮಗೂ ಓದಿಲ್ಲ. ಮೂರ್ನಾಲ್ಕು ಜನ ಸೇರಿ ಫ್ಲ್ಯಾಟ್ ಹಿಡಿಯುವುದು ತಲಾ ಲೆಕ್ಕದಲ್ಲಿ ಅಗ್ಗ ಕಂಡರೂ ಆರು ತಿಂಗಳ ಬೀಡಿಗೆ ನಾನದನ್ನು ಹೇಳುವುದಿಲ್ಲ. ಗ್ಯಾಸು, ಅಡುಗೆ, ಪಾತ್ರೆ, ಕಸ, ಯಾರ ಸರದಿ ಎಂಬ ಜಗಳ, ಮೇಲೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್. ಒಬ್ಬರು ನಡುವೆ ಬಿಟ್ಟು ಹೋದರೆ ಅವರ ಪಾಲೂ ಉಳಿದವರ ತಲೆಗೆ.

ಲೈಬ್ರರಿ ಎಲ್ಲಿದೆ ಎಂಬುದನ್ನು ದರಕ್ಕಿಂತ ಮೊದಲು ನೋಡಿ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನೆಲಮಾಳಿಗೆಯ ಓದುಕೋಣೆಗೆ ಮಳೆನೀರು ನುಗ್ಗಿ ಯುಪಿಎಸ್‌ಸಿಗೆ ಓದುತ್ತಿದ್ದ ಮೂವರು ಸತ್ತರು. ಅದರ ಹಿಂದಿನ ವರ್ಷ ಜೂನ್‌ನಲ್ಲಿ ಮುಖರ್ಜಿ ನಗರದ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹುಡುಗ ಹುಡುಗಿಯರು ಕಿಟಕಿಯಿಂದ ಹಗ್ಗ, ತಂತಿ ಹಿಡಿದು ಇಳಿದರು. ನೆಲಮಾಳಿಗೆಯ ಕುರ್ಚಿ ಅಗ್ಗವಾಗಿರಬಹುದು, ತಂಪಾಗಿಯೂ ಇರಬಹುದು, ಆದರೂ ಬೇಡ. ನೆಲದ ಮೇಲಿನ ಕೋಣೆಯಾದರೂ ಎರಡನೆಯ ಬಾಗಿಲು ಇದೆಯೇ, ಬೆರಳಚ್ಚಿನ ಬೀಗ ಕರೆಂಟು ಹೋದಾಗ ತೆರೆಯುತ್ತದೆಯೇ ಅಂತ ನಿಂತು ನೋಡಿ.

ಬೆಂಗಳೂರಿನ ಪಿಜಿಗಳಿಗೆ ಬಿಬಿಎಂಪಿ 2024ರಲ್ಲಿ ನಿಯಮ ಹಾಕಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಂದುಹೋಗುವ ಬಾಗಿಲಲ್ಲಿ ಸಿಸಿಟಿವಿ. ನಾಲ್ಕು ಮಂಚ ತುರುಕಿದ ಕೋಣೆಯಲ್ಲಿ ನಿಂತು ಈ 70 ಚದರ ಅಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಇನ್ನು ‘ಜಿಎಸ್‌ಟಿ ಬೇರೆ’ ಅನ್ನುವ ಓನರ್‌ಗಳಿದ್ದಾರೆ. ತಿಂಗಳಿಗೆ ತಲಾ 20,000 ರೂಪಾಯಿಯೊಳಗಿನ ವಾಸಕ್ಕೆ, ಬಿಡದೆ 90 ದಿನ ಉಳಿಯುವುದಾದರೆ, 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಒಂದೇ ಕಡೆ ನಿಮ್ಮ ಬೀಡು ಮೂರು ತಿಂಗಳಿಗಿಂತ ಹೆಚ್ಚಾದರೆ ಈ ಮಾತು ಧೈರ್ಯವಾಗಿ ಆಡಬಹುದು.

ಅಡ್ವಾನ್ಸ್ ಕೊಡುವ ಮೊದಲು ಬರೆಸಿಕೊಳ್ಳಬೇಕಾದ್ದು ಮೂರೇ: ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಮೇಂಟೆನೆನ್ಸ್ ಅಂತ ಎಷ್ಟು ಹಿಡಿಯುತ್ತಾರೆ, ಕರೆಂಟಿನ ಯೂನಿಟ್ ದರ ಎಷ್ಟು. ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡರೂ ಆದೀತು. ಬಾಯಿಮಾತು ಸಾಲದು.

ದುಡ್ಡು, ಮತ್ತು ಒಂದು ಆಮಿಷ

ಹೊರದೇಶದ ಓದಿಗೆ ಹೊಲ ಅಡವಿಟ್ಟ ಮನೆಗಳಿವೆ. ಮತ್ತೆ ಕೈಚಾಚಲು ಮುಜುಗರವಾಗಿ ‘ರಾತ್ರಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಡಾಕ್ಟರ್ ಆಗಿ ಇದ್ದರೆ ಪಿಜಿ ಖರ್ಚು ಹುಟ್ಟುತ್ತದೆ’ ಅಂತ ಲೆಕ್ಕ ಹಾಕುವವರು ಪ್ರತಿ ವರ್ಷ ಸಿಗುತ್ತಾರೆ. ಕರೆದು ಕೂರಿಸಿಕೊಳ್ಳುವ ಆಸ್ಪತ್ರೆಗಳೂ ಇವೆ. ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲ ಎರಡೂ. ಸಿಕ್ಕಿಬಿದ್ದರೆ ಆಸ್ಪತ್ರೆ ‘ನಮಗೆ ಗೊತ್ತಿರಲಿಲ್ಲ’ ಅನ್ನುತ್ತದೆ. ದುಡಿಯಲೇಬೇಕಾದರೆ ಮೆಡಿಕಲ್ ಕಂಟೆಂಟ್ ಬರೆಯುವುದೋ, ನೀಟ್‌ಗೆ ಓದುವ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದೋ ಇದೆ. ಅದಕ್ಕೂ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೊಡಬೇಡಿ.

ಖರ್ಚು ಇಳಿಸುವ ನಿಜವಾದ ದಾರಿ ಬೀಡನ್ನು ಎರಡು ತುಂಡು ಮಾಡುವುದು. ಆರು ತಿಂಗಳೂ ದೆಹಲಿಯಲ್ಲಿರಬೇಕೆಂದು ಯಾರೂ ಹೇಳಿಲ್ಲ. ಮೊದಲ ಸಲ ಬರೆಯುವವರು ಶುರುವಿನ ಮೂರು ತಿಂಗಳು ಕ್ಲಾಸಿಗಾಗಿ ದೆಹಲಿಯಲ್ಲೋ ಹೈದರಾಬಾದಿನಲ್ಲೋ ಇದ್ದು, ಪಾಠ ಮುಗಿದ ಮೇಲೆ ಬೆಂಗಳೂರಿಗೋ ಧಾರವಾಡಕ್ಕೋ ಬಂದು ಪ್ರಶ್ನೆ ಬಿಡಿಸುತ್ತ ಕೂರಬಹುದು. ಡಿಸೆಂಬರ್ ಸುತ್ತಿಗೆ ಇದು ಇನ್ನೂ ಚೆನ್ನ: ಜುಲೈಯಿಂದ ಅಕ್ಟೋಬರ್‌ವರೆಗೆ ದೆಹಲಿ, ದೀಪಾವಳಿಗೆ ಊರು, ಆಮೇಲೆ ಹೊಗೆಯ ಕಡೆ ತಲೆ ಹಾಕುವುದೇ ಬೇಡ. ಶಿಸ್ತು ಸಾಲದೆ ಸೋತವರು ಮಾತ್ರ ಇದನ್ನು ತಿರುವುಮುರುವು ಮಾಡಲಿ. ಮನೆಯಲ್ಲಿ ವಿಡಿಯೊ ಮುಗಿಸಿ, ಕೊನೆಯ ಎರಡು ತಿಂಗಳು ಓದುವವರ ನಡುವೆ ಹೋಗಿ ಕೂರಲಿ.

ಒಂದೇ ಊರು ಹೇಳಿ ಅಂತ ಪಟ್ಟು ಹಿಡಿದರೆ ನನ್ನ ಆಯ್ಕೆ ಹೀಗೆ. ಕ್ಲಿನಿಕಲ್ ತಳಪಾಯವೇ ಇಲ್ಲ, ಹಿಂದಿ ಗೊತ್ತು, ಉಸಿರಾಟದ ತೊಂದರೆ ಇಲ್ಲ ಅನ್ನುವವರು ಗೌತಮ ನಗರಕ್ಕೆ ಹೋಗಲಿ. ಕಲ್ಯಾಣ ಕರ್ನಾಟಕದವರು ಹೈದರಾಬಾದಿಗೆ. ಅಂಕ 120ರ ಆಚೆ ಈಚೆ ನಿಂತವರು ಬೆಂಗಳೂರಿಗೆ, ಕ್ಲಾಸಿಗಿಂತ ಟೆಸ್ಟ್ ಸರಣಿ ನೋಡಿಕೊಂಡು. ಅದಕ್ಕಿಂತ ಮೇಲಿದ್ದವರು ಊರಲ್ಲೇ ಇರಲಿ. ಹೆಣ್ಣುಮಕ್ಕಳನ್ನು ‘ದೂರ ಬೇಡ’ ಅಂತ ಬೆಂಗಳೂರಿಗೇ ಕಟ್ಟಿಹಾಕುವ ಮನೆಗಳಿಗೆ ನನ್ನದೊಂದು ಮಾತು: ಅದೇ ಮಗಳನ್ನು ಐದಾರು ವರ್ಷ ಸಮುದ್ರದಾಚೆ ಬಿಟ್ಟವರು ನೀವೇ.

ಹೊರಡುವ ಹೊತ್ತಿಗೆ

ಪರೀಕ್ಷೆಯ ಊರಿನ ಆಯ್ಕೆ ಕೇಳುವುದು ಅರ್ಜಿ ತುಂಬುವಾಗ, ಆಗ ನೀವಿರುವ ಊರೂ ಪರೀಕ್ಷೆಯ ದಿನ ನೀವಿರುವ ಊರೂ ಬೇರೆಯಾಗಿರಬಹುದು. ಬೀಡು ಬದಲಿಸುವ ಯೋಜನೆ ಇದ್ದರೆ ಅರ್ಜಿಗೆ ಮೊದಲೇ ತೀರ್ಮಾನ ಮಾಡಿ, ಆ ಸುತ್ತಿನ ಮಾಹಿತಿ ಪುಸ್ತಿಕೆಯನ್ನು ಪೂರ್ತಿ ಓದಿ. ಕೇಂದ್ರ ದೂರ ಬಿದ್ದರೆ ಹಿಂದಿನ ರಾತ್ರಿಗೆ ಅದರ ಹತ್ತಿರವೇ ಒಂದು ಲಾಡ್ಜ್ ಹಿಡಿಯಿರಿ. ಎರಡೂ ಭಾಗ ಒಂದೇ ದಿನ ಇರುವುದರಿಂದ ನಸುಕಿನ ಪ್ರಯಾಣದ ದಣಿವು ಕಾಣಿಸಿಕೊಳ್ಳುವುದು ಮಧ್ಯಾಹ್ನದ ಪ್ರಶ್ನೆಗಳಲ್ಲಿ.

ಬರೆದ ಮೇಲೆ ಫಲಿತಾಂಶಕ್ಕೆ ಕಾಯುತ್ತ ದೆಹಲಿಯಲ್ಲಿ ಇನ್ನೊಂದು ತಿಂಗಳ ಬಾಡಿಗೆ ಕಟ್ಟಬೇಡಿ. ರೂಮು ಬಿಡುವ ನೋಟಿಸನ್ನು ಪರೀಕ್ಷೆಗೆ ಒಂದು ತಿಂಗಳು ಮೊದಲೇ ಕೊಟ್ಟುಬಿಡಿ, ಪುಸ್ತಕದ ಪೆಟ್ಟಿಗೆಗಳನ್ನು ಪಾರ್ಸೆಲ್‌ಗೆ ಹಾಕಿ. ಪಾಸಾದವರು ತಾತ್ಕಾಲಿಕ ನೋಂದಣಿಗೂ ಇಂಟರ್ನ್‌ಶಿಪ್‌ಗೂ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಬಾಗಿಲು ತಟ್ಟಬೇಕು, ಅದಿರುವುದು ಬೆಂಗಳೂರಿನಲ್ಲಿ. ಮೂಲ ಪ್ರಮಾಣಪತ್ರಗಳು, ಅಪೊಸ್ಟೀಲ್ (ಓದಿದ ದೇಶದ ಸರ್ಕಾರದ ದೃಢೀಕರಣ) ಆದ ಪದವಿ, ಪಾಸ್‌ಪೋರ್ಟ್‌ನ ವಲಸೆ ಮುದ್ರೆಯ ಪುಟಗಳ ಪ್ರತಿ, ಇವನ್ನು ಪಾರ್ಸೆಲ್‌ಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಂಡು ರೈಲು ಹತ್ತಿ.